ಗಿಳಿಯ ಮುಂದೆ ಮಾತಾಡಬಾರದ ಮನೆ

ಹೊರಡುವ ಮುನ್ನ, ಅರಕಲಗೂಡಿನ ಹತ್ತಿರ

ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಮಾಡುತ್ತೇನೆ. ವರ್ಷಕ್ಕೊಂದು ದಿನ ಗೋಡೆಯ ಭೂಪಟದ ಎಡಭಾಗದಲ್ಲಿ ಬೆರಳಿಟ್ಟು, "ಹಡಗುಗಳು ಹೊರಟದ್ದು ಇಲ್ಲಿಂದ" ಎಂದು ಹೇಳುವುದು ನನ್ನ ಕೆಲಸ. ಆ ಬೆರಳಿನ ಕೆಳಗಿರುವುದು ಲಿಸ್ಬನ್. ಇಷ್ಟು ವರ್ಷ ಒತ್ತಿ ಒತ್ತಿ ಭೂಪಟದಲ್ಲಿ ಆ ಜಾಗ ಸವೆದು ಬೆಳ್ಳಗಾಗಿದೆ. ಮಕ್ಕಳೆಲ್ಲ ಹಡಗಿನ ಹಿಂದೆ ಕಲ್ಲಿಕೋಟೆಗೆ ಹೋಗಿಬಿಡುತ್ತಾರೆ. ನಾನು ಮಾತ್ರ ಹಡಗು ಹೊರಟುಹೋದ ದಡದಲ್ಲೇ ನಿಂತುಬಿಡುತ್ತೇನೆ. ನೋಡದೆಯೇ ನನಗೆ ಅಚ್ಚುಮೆಚ್ಚಾದ ಊರು ಅದು.

ನೋಡುವ ದಾರಿ ತೋರಿಸಿದ್ದು ನಮ್ಮ ಶಾಲೆಯ ವಿಜ್ಞಾನದ ಮೇಡಂ. ಮನೆಯವರು ಪರವೂರಿಗೆ ಹೋದಾಗ ಅವರ ಮನೆಯಲ್ಲಿದ್ದು, ಅವರು ಸಾಕಿದ ಪ್ರಾಣಿಯನ್ನು ನೋಡಿಕೊಂಡರೆ ಸಾಕು, ಬಾಡಿಗೆಯಿಲ್ಲದೆ ಇರಬಹುದಂತೆ. ಇಂಟರ್ನೆಟ್ಟಿನಲ್ಲಿ ಅರ್ಜಿ ತುಂಬಿಸುವಾಗ 'ಪ್ರಾಣಿಗಳೊಂದಿಗೆ ಅನುಭವ' ಎಂಬ ಜಾಗ ಬಂತು. ನನಗಿದ್ದ ಅನುಭವ ಒಂಬತ್ತನೇ ತರಗತಿಯ ಬಿ ಸೆಕ್ಷನ್ ಮಾತ್ರ. ಹಾಗಾಗಿ ಅಲ್ಲಿ ಅತ್ತಿಗೆಯ ಹೆಸರು ಸೇರಿಸಿದೆ. ಲಿಸ್ಬನ್ನಿನ ಒಬ್ಬ ಹೆಂಗಸು ಇಪ್ಪತ್ತು ದಿನಕ್ಕೆ ನಮ್ಮಿಬ್ಬರನ್ನೂ ಒಪ್ಪಿಕೊಂಡರು.

ಅತ್ತಿಗೆ ಎಂದರೆ ನನ್ನಣ್ಣನ ಹೆಂಡತಿ ಪುಟ್ಟಲಕ್ಷ್ಮಮ್ಮ. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಹಸು, ಎಮ್ಮೆ, ಕೋಳಿ, ನಾಯಿ ಎಲ್ಲವನ್ನೂ ಮಾತಿನಲ್ಲೇ ಸಾಕಿದವರು. ಹಾಲು ಕರೆಯುವಾಗ ಹಸುವಿಗೆ ಊರ ಸುದ್ದಿಯನ್ನೆಲ್ಲ ಹೇಳುತ್ತಾರೆ. ಮಾನಸ ಸರೋವರಕ್ಕೆಂದು ಮಾಡಿಸಿದ ಪಾಸ್‌ಪೋರ್ಟು ಅವರ ಬೀರುವಿನಲ್ಲಿ ರೇಷ್ಮೆ ಸೀರೆಯ ನಡುವೆ ಮಲಗಿತ್ತು.

"ಅಲ್ಲ ಕಣೆ ಸರೋಜಿ, ಮನೆ ಕಾಯಕ್ಕೆ ಯಾರಾರಾ ವಿಮಾನ ಅತ್ಕಂಡು ಓಗ್ತಾರಾ? ನಾವು ಎಲ್ಲಾದ್ರೂ ಓದ್ರೆ ಬೀಗದ ಕೈಯ ಪಕ್ಕದ್ಮನೆ ಸಾವಿತ್ರಿಗೆ ಕೊಟ್ಬುಟ್ಟು ಓಯ್ತೀವಿ. ಅವ್ಳೇ ದನಕ್ಕೆ ಉಲ್ಲಾಕ್ತಾಳೆ, ನಾಯ್ಗೆ ಇಟ್ಟಾಕ್ತಾಳೆ. ಆವಮ್ಮಂಗೆ ಅಕ್ಕಪಕ್ಕ ಯಾರೂ ಇಲ್ವಾ?" ಎಂದರು ಅತ್ತಿಗೆ.

ಜಗಲಿಯಲ್ಲಿ ಕೂತು ಕೇಳುತ್ತಿದ್ದ ಅಣ್ಣ, "ಓಗ್ಬುಟ್ಟು ಬಾರೆ. ಇನ್ನೂ ಕಟ್ತಾನೇ ಇರೋ ಬೂವನಹಳ್ಳಿ ಏರ್‌ಪೋರ್ಟ್ಗೆ ವಿಮಾನ ಬಂದು ನಿಲ್ಲೋಗಂಟ ಕಾಯ್ತಾ ಕುಂತ್ರೆ ನಿನ್ ಪಾಸ್‌ಪೋರ್ಟ್ಗೆ ಗೆದ್ಲಿಡೀತದೆ" ಎಂದ. ಅವನಿಗೆ ಇಪ್ಪತ್ತು ದಿನ ಮನೆ ನಿಶ್ಶಬ್ದವಾಗಿರುತ್ತದೆ ಎಂಬ ಆಸೆಯೂ ಇತ್ತೋ ಏನೋ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೊರಟೆವು.

ಮೊದಲ ದಿನ, ಮೂರನೇ ಮಹಡಿ

ಮನೆಯೊಡತಿ ತೆರೇಜಾ ಎಪ್ಪತ್ತು ದಾಟಿದವರು. ಸಣ್ಣ ದೇಹ, ಬೆಳ್ಳಿಯ ಕೂದಲು, ತಡೆದು ತಡೆದು ಆಡುವ ಇಂಗ್ಲಿಷ್. ಗ್ರಾಸಾ ಎಂಬ ದಿಬ್ಬದ ಮೇಲೆ ಅವರ ಮನೆ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಹೊರಗೋಡೆಗೆಲ್ಲ ನೀಲಿ ಹೂವಿನ ಪಿಂಗಾಣಿ ಬಿಲ್ಲೆ. ಕಿಟಕಿ ತೆಗೆದರೆ ಕೆಂಪು ಹೆಂಚಿನ ಮಾಡುಗಳ ಆಚೆ, ಕೆಳಗೆ ತೇಜೋ ನದಿ. ನದಿ ಎಂದರೆ ನನಗೆ ಹೊಳೆನರಸೀಪುರದ ಸೇತುವೆಯಿಂದ ಕಾಣುವ ಹೇಮಾವತಿ. ಇದು ಸಮುದ್ರಕ್ಕೆ ಸೇರುವ ಮೊದಲೇ ತಾನೇ ಸಮುದ್ರವಾದ ಹೊಳೆ. ನಾನು ಬೆರಳಿಟ್ಟ ಜಾಗದಲ್ಲಿ ನಿಜಕ್ಕೂ ನೀರಿತ್ತು, ಹಡಗಿತ್ತು, ಬೆಳಕಿತ್ತು.

ನಾವು ನೋಡಿಕೊಳ್ಳಬೇಕಾದದ್ದು ಒಂದು ಗಿಳಿ. ನಮ್ಮ ಹಸಿರು ಗಿಳಿಯಲ್ಲ, ಆಫ್ರಿಕಾದ್ದು. ಒಲೆಯ ಬೂದಿಯ ಬಣ್ಣ, ಬಾಲ ಮಾತ್ರ ಕುಂಕುಮದಲ್ಲಿ ಅದ್ದಿದ ಹಾಗೆ. ಹೆಸರು ಅಲ್ಮಿರಾಂತೆ, ಅಂದರೆ ನೌಕಾಪಡೆಯ ದೊಡ್ಡ ಅಧಿಕಾರಿ. ಅತ್ತಿಗೆ ಎರಡು ಸಲ ಹೇಳಲು ನೋಡಿ, "ನನ್ ನಾಲ್ಗೆ ತಿರ್ಗಕಿಲ್ಲ" ಎಂದು ಕೈಬಿಟ್ಟರು. ದನಕ್ಕೆ ಬಣ್ಣ ನೋಡಿ ಕರಿಯ, ಕೆಂದ ಎಂದು ಹೆಸರಿಡುವ ಹಾಗೆ ಇದಕ್ಕೆ ಬೂದ ಎಂದು ಹೆಸರಿಟ್ಟರು.

ಕಾಳು ಎಷ್ಟು, ಹಣ್ಣು ಯಾವಾಗ ಎಂದೆಲ್ಲ ಹೇಳಿದ ಮೇಲೆ ತೆರೇಜಾ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. "ಒಂದೇ ಒಂದು ಕೋರಿಕೆ. ಹಕ್ಕಿಯ ಮುಂದೆ ಮಾತಾಡಬೇಡಿ. ಏನಿದ್ದರೂ ಇಲ್ಲಿ, ಬಾಗಿಲು ಹಾಕಿಕೊಂಡು."

ಕಾರಣವನ್ನೂ ಹೇಳಿದರು. ಅವರ ಗಂಡ ಅರ್ಮಾಂದು ಈ ನದಿಯ ದೋಣಿಗಳಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದವರು, ತೀರಿಕೊಂಡು ಆರು ವರ್ಷವಾಯಿತು. ಹಕ್ಕಿ ಅವರದು, ಅದು ಆಡುವುದು ಅವರ ಧ್ವನಿಯಲ್ಲಿ. ಮೊದಲು ಅದರ ಬಾಯಲ್ಲಿ ಅರ್ಮಾಂದುವಿನ ಎಷ್ಟೋ ಮಾತುಗಳಿದ್ದವು. ಕಾಫಿ ಆಯಿತಾ ಎನ್ನುತ್ತಿತ್ತು. ಬೆಕ್ಕನ್ನು ಓಡಿಸು ಎನ್ನುತ್ತಿತ್ತು. ಹೋದ ವರ್ಷ ಮನೆ ನೋಡಿಕೊಳ್ಳಲು ಬಂದ ಒಬ್ಬಾತ ಇಡೀ ದಿನ ಫೋನಿನಲ್ಲಿ ಮಾತಾಡಿದ. ಹಕ್ಕಿ ಅವನ ಫೋನಿನ ರಿಂಗು ಕಲಿತು, ಹಳೆಯದನ್ನು ಬಿಡುತ್ತಾ ಬಂತು. ಈಗ ಉಳಿದಿರುವುದು ಒಂದೇ ವಾಕ್ಯ.

"ಧ್ವನಿಮುದ್ರಣ ಮಾಡಿಟ್ಟುಕೊಳ್ಳಬಹುದಲ್ಲ?" ಎಂದು ಕೇಳಿದೆ.

"ಯಂತ್ರದಲ್ಲಿ ಕೇಳಿದರೆ ಅವನು ಸತ್ತಿದ್ದಾನೆ ಅಂತ ಗೊತ್ತಾಗುತ್ತೆ" ಎಂದರು ತೆರೇಜಾ.

ಸಂಜೆ ನದಿಯ ಕಡೆಯಿಂದ ಗಾಳಿ ಎದ್ದು ಪರದೆ ಅಲುಗಿತು. ಪಂಜರದಿಂದ ಗಂಡಸಿನ ಒರಟು ದನಿ ಬಂತು: "ಫೇಶಾ ಅ ಜನೇಲಾ, ತೆರೇಜಾ." ಕಿಟಕಿ ಹಾಕು ತೆರೇಜಾ. ಬೀಡಿ ಸೇದುವವರ ಗಂಟಲು, ಕೊನೆಗೊಂದು ಸಣ್ಣ ಕೆಮ್ಮು. ನಾನು ಹೆದರಿ ಹಿಂದೆ ತಿರುಗಿ ನೋಡಿದೆ. ತೆರೇಜಾ ಎದ್ದು ಹೋಗಿ ಕಿಟಕಿ ಹಾಕಿ, "ಹಾಕಿದೆ" ಎಂದು ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು. ಮನೆಯಲ್ಲಿ ಗಂಡ ಹೆಂಡತಿ ಆಡುವಷ್ಟೇ ಸಾದಾ ಸೀದಾ.

ಮರುದಿನ ಅವರು ಉತ್ತರದ ಊರೊಂದಕ್ಕೆ, ಮಂಡಿ ಆಪರೇಷನ್ ಆಗಿದ್ದ ತಂಗಿಯ ಮನೆಗೆ ಹೊರಟರು. "ಆ ಒಂದು ಮಾತನ್ನು ನನಗೆ ಉಳಿಸಿಕೊಡಿ" ಎಂದು ನನ್ನ ಕೈ ಹಿಡಿದರು. ಉಳಿಸುತ್ತೇನೆ ಎಂದು ಮಾತು ಕೊಟ್ಟೆ. ಅತ್ತಿಗೆಯೂ ತಲೆ ಮುಟ್ಟಿ ಆಣೆ ಮಾಡಿದರು, ಅದೂ ನನ್ನ ತಲೆ ಮುಟ್ಟಿ.

ಅಲೆದ ದಿನಗಳು

ಆ ಊರಿನಲ್ಲಿ ನಾನು ಅಲೆದೆ ಎನ್ನುವುದಕ್ಕಿಂತ ತೇಲಿದೆ ಎನ್ನಬೇಕು. ಎಲ್ಲಿಗೆ ಎಂದು ಗೊತ್ತಿಲ್ಲದೆ ಮೆಟ್ಟಿಲು ಇಳಿಯುವುದು, ಸುಸ್ತಾದ ಕಡೆ ಕೂರುವುದು. ಒಣಗಲು ಹಾಕಿದ ಬಟ್ಟೆ ತಲೆಯ ಮೇಲೆ ಹನಿಯುತ್ತಿತ್ತು. ಹಳದಿ ಟ್ರಾಮು ಅಂಗಡಿಗಳ ಬಾಗಿಲನ್ನು ಒರೆಸಿಕೊಂಡೇ ಹೋಗುತ್ತಿತ್ತು. ಜಕರಾಂಡ ಮರಗಳು ಹೂ ಬಿಟ್ಟು ಇಡೀ ಚೌಕವೇ ನೇರಳೆಯಾಗಿತ್ತು. ಅಂಗಡಿಗೆ ಕಾಲಿಟ್ಟವರು ಒಳಗಿದ್ದ ಗುರುತಿಲ್ಲದವರಿಗೆಲ್ಲ "ಬೊಂ ದಿಯ" ಎಂದು ಶುಭ ಕೋರುತ್ತಾರೆ. ನಾನು ಮೊದಲ ದಿನ ಸುಮ್ಮನೆ ಒಳಗೆ ಹೋಗಿ ಬ್ರೆಡ್ಡಿಗೆ ಕೈ ಹಾಕಿದ್ದಕ್ಕೆ ಅಂಗಡಿಯಾಕೆ ನನ್ನನ್ನು ಮತ್ತೆ ಹೊಸ್ತಿಲ ತನಕ ಕಳಿಸಿ, ಶುಭ ಕೋರಿಸಿ, ಆಮೇಲೆ ಬ್ರೆಡ್ಡು ಕೊಟ್ಟಳು. ಕ್ಲಾಸಿನ ಹೊರಗೆ ನಿಂತು 'ಮೇ ಐ ಕಮಿನ್' ಎನ್ನದ ಮಕ್ಕಳಿಗೆ ನಾನು ಮಾಡುವುದೂ ಇದನ್ನೇ.

ಒಂದು ಮಧ್ಯಾಹ್ನ ಹಳೆಯ ಚರ್ಚೊಂದರ ತಣ್ಣನೆಯ ಕಲ್ಲಿಗೆ ಒರಗಿ ಕೂತಿದ್ದೆ. ಹೊರಗೆ ಸುಡುವ ಬಿಸಿಲು, ಒಳಗೆ ಯಾರೂ ಇಲ್ಲ. ಕಣ್ಣು ಮುಚ್ಚಿದರೆ ದೊಡ್ಡಗದ್ದವಳ್ಳಿಯ ಗುಡಿಯೊಳಗಿನ ಅದೇ ತಂಪು, ಅದೇ ಬಾವಲಿಯ ವಾಸನೆ. ಎಷ್ಟು ಹೊತ್ತು ಹಾಗಿದ್ದೆನೋ, ಎದ್ದಾಗ ನಾನು ಯಾವ ಊರಿನಲ್ಲಿದ್ದೇನೆ ಎಂಬುದು ಒಂದು ಗಳಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಸರಿಯೇ ಎನ್ನಿಸಿತು.

ಅಲ್ಲಿಯ ರಸ್ತೆಗೆ ಬಿಳಿ ಕಲ್ಲಿನ ಚಿಕ್ಕ ಚಿಕ್ಕ ತುಂಡು ಜೋಡಿಸಿರುತ್ತಾರೆ, ನುಣುಪೋ ನುಣುಪು. ಆಕಾಶ ನೋಡಿಕೊಂಡು ನಡೆದು ಮೂರು ಸಲ ಜಾರಿ ಕೂತೆ. ಮೂರನೆಯ ಸಲ ಎತ್ತಿದ ಮುದುಕರು ನನ್ನ ಚಪ್ಪಲಿಯ ಅಡಿ ತಿರುಗಿಸಿ ನೋಡಿ, ತಲೆ ಅಲ್ಲಾಡಿಸಿ, ತಾವೇ ಕೈಹಿಡಿದು ದಿಬ್ಬ ಹತ್ತಿಸಿದರು.

ಅತ್ತಿಗೆಗೆ ಊರು ನೋಡುವ ಆಸೆ ಎರಡೇ ದಿನಕ್ಕೆ ತೀರಿತು. "ಅತ್ತದು ಇಳಿಯದು, ಅತ್ತದು ಇಳಿಯದು. ಊರ್ ಕಟ್ಟೋನು ಸಮನಾದ ಜಾಗ ನೋಡ್ಬಾರ್ದಾಗಿತ್ತಾ?" ಎಂದು ಮನೆಯಲ್ಲೇ ಉಳಿದರು. ಕೊಟ್ಟ ಆಣೆಯನ್ನು ಮಾತ್ರ ಬಿಡಲಿಲ್ಲ. ಹಕ್ಕಿಗೆ ಕಾಳು ಹಾಕುವಾಗ ತುಟಿ ಬಿಗಿದು, ಕಣ್ಣಲ್ಲೇ 'ತಿನ್ನು' ಎನ್ನುತ್ತಿದ್ದರು. ಆಮೇಲೆ ಅಡುಗೆಮನೆಗೆ ಓಡಿ ಬಂದು, "ಬಾಯ್ ಮುಚ್ಕಂಡು ಇಕ್ಕದು ಇಕ್ಕದಾ? ಪಾಪ, ಬೂದ ನನ್ನ ಮೂಗಿ ಅನ್ಕಂಡಿರ್ತಾನೆ" ಎಂದು ಒದ್ದಾಡುತ್ತಿದ್ದರು.

ಒಳಗೆ ಕಟ್ಟಿಹಾಕಿದ ಮಾತೆಲ್ಲ ಅಡುಗೆಮನೆಯ ಬಾಲ್ಕನಿಯಲ್ಲಿ ಹೊರಬರುತ್ತಿತ್ತು. ಓಣಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಎದುರುಮನೆಯ ಅಜ್ಜಿ ಕಿಟಕಿಗೆ ದಿಂಬಿಟ್ಟು ಅದರ ಮೇಲೆ ಮೊಳಕೈ ಊರಿ ನಿಂತಿರುತ್ತಿದ್ದರು. ಅತ್ತಿಗೆ ಕನ್ನಡದಲ್ಲಿ, ಅಜ್ಜಿ ಪೋರ್ಚುಗೀಸಿನಲ್ಲಿ, ಗಂಟೆಗಟ್ಟಲೆ ಮಾತು. "ಆವಮ್ಮಂಗೂ ಸೊಂಟ ನೋವಂತೆ ಕಣೆ" ಎಂದು ಒಂದು ದಿನ ವರದಿ ಒಪ್ಪಿಸಿದರು. ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ.

ಒಂಬತ್ತನೆಯ ದಿನ, ಸಂಜೆ ಗಾಳಿ

ಆ ಸಂಜೆ ಗಾಳಿ ಎದ್ದಿತು, ಪರದೆ ಅಲುಗಿತು. ಹಕ್ಕಿ ಸುಮ್ಮನಿತ್ತು. ಹಿಂದಿನ ದಿನವೂ ಸುಮ್ಮನಿತ್ತು ಎಂಬುದು ನನಗೆ ಆಗ ನೆನಪಾಯಿತು. ಅದರ ಹಿಂದಿನ ದಿನ ನಾನು ಮನೆಗೆ ಬಂದದ್ದೇ ತಡವಾಗಿ.

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, "ಅತ್ಗೆ, ಗಿಳಿ ಎದುರಿಗೆ ಏನಾದ್ರೂ ಮಾತಾಡಿದ್ರಾ?" ಎಂದೆ.

"ನಿನ್ನಾಣೆ ಇಲ್ಲ. ಒಂದಕ್ಸರ ಇಲ್ಲ ಕಣೆ."

ನಾನು ಬ್ರೆಡ್ಡು ತರಲು ಕೆಳಗಿಳಿದೆ. ಹತ್ತು ನಿಮಿಷಕ್ಕೆ ಹತ್ತಿ ಬಂದು ಬೀಗದಲ್ಲಿ ಕೀಲಿ ತಿರುಗಿಸಿದೆ. ಒಳಗಿನಿಂದ ಗಂಡಸಿನ ಒರಟು ದನಿ ಕೇಳಿತು.

"ಬಂದ್ಯಾ?"

ಕೊನೆಗೊಂದು ಸಣ್ಣ ಕೆಮ್ಮು.

ಬ್ರೆಡ್ಡು ಕೈಯಿಂದ ಜಾರಿ ಮೆಟ್ಟಿಲಿಳಿದು ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೌಟು ಹಿಡಿದು ಬಾಯಿ ತೆರೆದು ನಿಂತಿದ್ದರು. ಅವರೂ ಅದೇ ಮಾತು ಹೇಳಲು ಹೊರಟಿದ್ದವರು, ಹಕ್ಕಿ ಮೊದಲು ಹೇಳಿಬಿಟ್ಟಿತ್ತು.

ನಮ್ಮ ಕಡೆ ಯಾರಾದರೂ ಮನೆಯೊಳಗೆ ಕಾಲಿಟ್ಟರೆ ಒಳಗಿದ್ದವರು "ಬಂದ್ಯಾ" ಎನ್ನುತ್ತಾರೆ. ಬಂದದ್ದು ಕಣ್ಣಿಗೆ ಕಾಣುತ್ತಿರುತ್ತದೆ, ಆದರೂ ಕೇಳುತ್ತಾರೆ. ಹಾಲು ಉಕ್ಕುತ್ತಿರಲಿ, ಜಗಳವಾಡಿಕೊಂಡಿರಲಿ, ಅದು ಬಾಯಿಗೆ ತಾನಾಗಿ ಬರುತ್ತದೆ. ಅತ್ತಿಗೆ ಆಣೆ ಮಾಡಿದ ದಿನದಿಂದಲೂ ನಾನು ಕೀಲಿ ತಿರುಗಿಸಿದಾಗಲೆಲ್ಲ ಅಡುಗೆಮನೆಯಿಂದ "ಬಂದ್ಯಾ?" ಎಂದು ಕೂಗಿದ್ದರು. ನಾನೂ "ಬಂದೆ" ಎಂದಿದ್ದೆ. ಅದೊಂದು ಮಾತು ಎಂದು ನಮ್ಮಿಬ್ಬರಿಗೂ ಅನ್ನಿಸಿರಲೇ ಇಲ್ಲ.

"ಅಯ್ಯೋ ಸಿವ್ನೆ, ಅದ್ಯಾವ್ ಮಾತೇ? ಉಸ್ರು ಬುಟ್ಟಂಗೆ ಬರ್ತದೆ" ಎಂದು ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತರು. "ಆವಮ್ಮನ್ ಗಂಡನ್ನ ನಾನೇ ಇನ್ನೊಂದ್ ಕಿತ ಸಾಯಿಸ್ಬುಟ್ನಲ್ಲೇ."

ಅವರನ್ನು ಬೈಯಲು ನನಗೆ ಬಾಯಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ನಾನು ಒಬ್ಬಳೇ ಇರುವುದು. ಶಾಲೆಯಿಂದ ಬಂದು ಬೀಗ ತೆಗೆದರೆ ಫ್ರಿಜ್ಜು ಗುಂಯ್ ಎನ್ನುತ್ತದೆ, ಅಷ್ಟೇ. ಇಲ್ಲಿ ಬಾಗಿಲು ತೆಗೆದಾಗಲೆಲ್ಲ ಯಾರೋ ಬಂದ್ಯಾ ಎನ್ನುವುದು ಎಷ್ಟು ಹಿತವಾಗಿತ್ತು ಎಂದರೆ, ಕೊಡೆ ಮರೆತೆ, ಚೀಲ ಮರೆತೆ ಎಂದು ನೆವ ಹೇಳಿಕೊಂಡು ದಿನಕ್ಕೆ ಐದಾರು ಸಲ ಮೂರು ಮಹಡಿ ಹತ್ತಿ ಇಳಿದಿದ್ದೆ. ಹಕ್ಕಿಗೆ ಪಾಠ ಹೇಳಿಕೊಟ್ಟವಳು ನಾನೇ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಸಿ ಕಲಿಸುವುದು ನನ್ನ ವೃತ್ತಿಯೇ ಅಲ್ಲವೇ.

ಆಮೇಲಿನ ದಿನಗಳು

ಏನೇನೋ ಮಾಡಿದೆವು. ಅತ್ತಿಗೆ ಸೆರಗನ್ನು ಬಾಯಿಗೆ ಸುತ್ತಿಕೊಂಡು ಅಡುಗೆ ಮಾಡಿದರು. ನಾನು ಕೀಲಿ ಸದ್ದಾಗದಂತೆ ಬೀದಿಯಿಂದ ಕಿಟಕಿಗೆ ಕೈಬೀಸಿ ಅವರಿಂದಲೇ ಬಾಗಿಲು ತೆಗೆಸಿಕೊಂಡೆ. ಸಂಜೆಯಾದರೆ ಎಲ್ಲ ಕಿಟಕಿಗಳನ್ನೂ ಹಾರು ಹೊಡೆದು ನದಿಯ ಗಾಳಿಯನ್ನು ಒಳಗೆ ಬಿಟ್ಟೆವು. ಪರದೆ ಚಾವಣಿಗೆ ಬಡಿಯಿತು, ಗೋಡೆಯ ಚಿತ್ರ ಓರೆಯಾಯಿತು, ನಾವಿಬ್ಬರೂ ಚಳಿಗೆ ಶಾಲು ಹೊದ್ದು ಕೂತೆವು. ಹಕ್ಕಿ ಒಂದು ಕಾಲು ಮಡಚಿ ನಮ್ಮನ್ನೇ ನೋಡಿತು.

ಒಂದು ದಿನ ತಡೆಯಲಾರದೆ ಪಂಜರದ ಮುಂದೆ ನಿಂತು, "ಫೇಶಾ ಅ..." ಎಂದು ಶುರು ಮಾಡಿದೆ. ಅತ್ತಿಗೆ ಓಡಿ ಬಂದು ನನ್ನ ಬಾಯಿಗೆ ಕೈ ಒತ್ತಿ ಅಡುಗೆಮನೆಗೆ ಎಳೆದುಕೊಂಡು ಹೋದರು. "ನೀನೇಳ್ಕೊಟ್ರೆ ಅದು ನಿನ್ ಮಾತಾಯ್ತದೆ ಕಣೆ. ಆಯಪ್ಪಂದಾಗಕಿಲ್ಲ." ನಿಜ. ಮೊದಲೇ ಹೊಳೆಯಬೇಕಿತ್ತು.

ಭಾನುವಾರ ತೆರೇಜಾ ಫೋನು ಮಾಡಿದರು. ಮನೆ, ಗಿಡ, ನೀರು ಯಾವುದನ್ನೂ ಕೇಳಲಿಲ್ಲ. "ಮಾತಾಡುತ್ತಿದ್ದಾನಾ?" ಎಂದು ಮಾತ್ರ ಕೇಳಿದರು.

"ಮಾತಾಡುತ್ತಿದ್ದಾನೆ" ಎಂದೆ. ಅದರಲ್ಲಿ ಸುಳ್ಳಿರಲಿಲ್ಲ, ನಿಜವೂ ಇರಲಿಲ್ಲ. ಕಾಪಿ ಹೊಡೆದ ಎಷ್ಟೋ ಮಕ್ಕಳನ್ನು ಎದುರು ನಿಲ್ಲಿಸಿಕೊಂಡು ಗದರಿದ್ದೇನೆ. ಅವರ ಮುಖ ಒಳಗಿನಿಂದ ಹೇಗಿರುತ್ತದೆ ಎಂದು ಆ ದಿನ ತಿಳಿಯಿತು. ಊರು ಹಾಗೆಯೇ ಚೆಲುವಾಗಿತ್ತು. ನನಗೆ ಮಾತ್ರ ಹೊರಗೆ ಹೋಗಲು ಮನಸ್ಸಾಗಲಿಲ್ಲ.

ಇಪ್ಪತ್ತನೆಯ ದಿನ, ಬಾಗಿಲು

ತೆರೇಜಾ ಮಧ್ಯಾಹ್ನ ಬರುವವರಿದ್ದರು. ಕೆಳಗೆ ಹೋಗಿ ಬೀದಿಯಲ್ಲೇ ತಪ್ಪೊಪ್ಪಿಕೊಂಡು, ಆಮೇಲೆ ಮೇಲೆ ಕರೆತರಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರು ಒಂದು ಗಂಟೆ ಮೊದಲೇ ಬಂದರು. ನಾನು ಚಪ್ಪಲಿ ಹುಡುಕುತ್ತಿರುವಾಗಲೇ ಬೀಗದಲ್ಲಿ ಕೀಲಿ ತಿರುಗಿತು.

"ಬಂದ್ಯಾ?" ಎಂದಿತು ಹಕ್ಕಿ. ಸಣ್ಣ ಕೆಮ್ಮು.

ಅರ್ಧ ತೆರೆದ ಬಾಗಿಲಲ್ಲಿ ತೆರೇಜಾ ನಿಂತೇಬಿಟ್ಟರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈ ಇನ್ನೂ ಕೀಲಿಯ ಮೇಲೆ.

"ಅರ್ಮಾಂದು ಏನೆಂದ?"

ಹಕ್ಕಿ ಏನೆಂದಿತು ಎಂದು ಅವರು ಕೇಳಲಿಲ್ಲ. ಜೋಡಿಸಿಟ್ಟ ಮಾತೆಲ್ಲ ನನಗೆ ಮರೆತುಹೋಯಿತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಕಿಟಕಿಯ ಮಾತು ಹನ್ನೆರಡು ದಿನದಿಂದ ಬಂದಿಲ್ಲ, ತಪ್ಪು ನಮ್ಮದು, ಕ್ಷಮಿಸಿ ಎಂದೆ. ಅತ್ತಿಗೆ ಹಿಂದೆ ನಿಂತು ಕೈ ಮುಗಿದಿದ್ದರು.

ತೆರೇಜಾ ಒಳಗೆ ಬಂದು ಕಿಟಕಿ ತೆಗೆದರು. ಗಾಳಿ ಬಂತು. ಪರದೆ ಅಲುಗಿತು. ತುಂಬಾ ಹೊತ್ತು ಕಾದರು. ಹಕ್ಕಿ ಗರಿ ತಿದ್ದಿಕೊಂಡು ಕೂತಿತ್ತು. ಅವರು ತಾವಾಗಿಯೇ ಕಿಟಕಿ ಮುಚ್ಚಿ, ಗಾಜಿಗೆ ಹಣೆ ಒತ್ತಿ ನಿಂತರು. ಅವರ ಭುಜ ಅಲುಗುವುದನ್ನು ನೋಡಲಾರದೆ ನಾನು ನೆಲ ನೋಡಿದೆ.

ಅವರು ತಿರುಗದೆಯೇ ಕೇಳಿದರು. "ಆ ಮಾತಿಗೆ ಅರ್ಥವೇನು?"

"ಬಂದೆಯಾ ಅಂತ. ಹೊರಗಿನಿಂದ ಮನೆಗೆ ಬಂದವರನ್ನು ಕೇಳುವುದು."

"ಬಂದದ್ದು ಕಾಣುತ್ತದಲ್ಲ?"

"ಕಾಣುತ್ತದೆ. ಆದರೂ ಕೇಳುತ್ತಾರೆ."

ತೆರೇಜಾ ಕುರ್ಚಿಯಲ್ಲಿ ಕೂತರು. "ಅವನು ನನ್ನನ್ನು ಹಾಗೆ ಕೇಳಿದ್ದೇ ಇಲ್ಲ" ಎಂದರು. "ನಲವತ್ತು ವರ್ಷ ದೋಣಿಯಿಂದ ಬರುತ್ತಿದ್ದವನು ಅವನು. ಬಾಗಿಲು ತೆಗೆಯುತ್ತಿದ್ದವಳು ನಾನು. ಈಗ ಆರು ವರ್ಷದಿಂದ ನಾನು ಹೊರಗಿನಿಂದ ಬರುತ್ತೇನೆ, ಒಳಗೆ ಯಾರೂ ಇರುವುದಿಲ್ಲ."

ಇದನ್ನು ನಾನು ಅತ್ತಿಗೆಗೆ ಕನ್ನಡದಲ್ಲಿ ಹೇಳಿದೆ. ಅತ್ತಿಗೆ ಕಣ್ಣೊರೆಸಿಕೊಂಡು ಮುಂದೆ ಬಂದು, ಗಿಳಿಯ ಮುಂದೆಯೇ, ಇಪ್ಪತ್ತು ದಿನದಲ್ಲಿ ಮೊದಲ ಬಾರಿ ಬಾಯಿ ತುಂಬ ಮಾತಾಡಿದರು. "ಕೇಳ್ದಾಗ ಸುಮ್ಕಿರ್ಬಾರ್ದು ಕಣವ್ವ. ಬಂದೆ ಅನ್ಬೇಕು. ಬಂ-ದೆ."

"ಬಂದೆ" ಎಂದರು ತೆರೇಜಾ. ನಾನು ಅನುವಾದ ಮಾಡಬೇಕಾಗಲಿಲ್ಲ.

ಮತ್ತೆ ಒಮ್ಮೆ ತುಟಿಯಲ್ಲೇ ಹೇಳಿ ನೋಡಿಕೊಂಡರು. ಆಮೇಲೆ ಎದ್ದು, ಕೂದಲು ಸರಿಮಾಡಿಕೊಂಡು, ಕೀಲಿ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಅಭ್ಯಾಸ ಬಲದಿಂದ ತಾವೇ ಕೇಳಿಬಿಟ್ಟರೆ ಎಂದು.

ಬೀಗದಲ್ಲಿ ಕೀಲಿ ತಿರುಗಿತು.

"ಬಂದ್ಯಾ?"

"ಬಂದೆ" ಎಂದರು ತೆರೇಜಾ, ಹೊಸ್ತಿಲ ಮೇಲೆ ನಿಂತು. ಒಂದು ಗಳಿಗೆ ಹಾಗೇ ನಿಂತಿದ್ದು, ನಮ್ಮ ಕಡೆ ನೋಡದೆ, ಮತ್ತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ನಾವು ಅಡುಗೆಮನೆಗೆ ಸರಿದು ಪೆಟ್ಟಿಗೆ ಕಟ್ಟತೊಡಗಿದೆವು. ಆ ಮಧ್ಯಾಹ್ನ ಅವರು ಎಷ್ಟು ಸಲ ಮನೆಗೆ ಬಂದರೋ, ನಾನು ಲೆಕ್ಕ ಇಡಲಿಲ್ಲ.